ಸತ್ತಾಗ ಸೇರುವವರು

ಹೈಸ್ಕೂಲ್ ಸಹಪಾಠಿಗಳ ವಾಟ್ಸಾಪ್ ಗುಂಪನ್ನು ಗೇಲಿ ಮಾಡುವುದು ನಾಲ್ಕಕ್ಷರ ಬಲ್ಲವರ ನಡುವೆ ಈಗ ಮರ್ಯಾದಸ್ಥ ಹವ್ಯಾಸವಾಗಿದೆ. ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಶುಭೋದಯ, ಮಧ್ಯಾಹ್ನ ಬೆಳ್ಳುಳ್ಳಿಯಿಂದ ಹೃದ್ರೋಗ ವಾಸಿಯಾಗುವ ಸುದ್ದಿ, ಸಂಜೆ ರಾಜಕೀಯದ ಜಗಳ, ರಾತ್ರಿ ಯಾರದೋ ತಂದೆ ತೀರಿಕೊಂಡರೆಂದು ಸಾಲುಗಟ್ಟಿ ‘ಓಂ ಶಾಂತಿ’. ಹಾಸ್ಯ ಬರೆಯುವವರಿಗೆ ಇದಕ್ಕಿಂತ ಸುಲಭದ ಸರಕು ಬೇರೆ ಬೇಕಿಲ್ಲ. ಈ ಮಾತು ಎಷ್ಟು ಹಬ್ಬಿದೆಯೆಂದರೆ ಗುಂಪಿನಲ್ಲಿ ಇರುವವರೂ ನಾಚಿಕೊಂಡೇ ಒಪ್ಪಿಕೊಳ್ಳುತ್ತಾರೆ: ‘ಇದ್ದೇನೆ ಮಾರಾಯ, ಆದರೆ ಮ್ಯೂಟ್ ಮಾಡಿಟ್ಟಿದ್ದೇನೆ.’

ಹಾಸ್ಯದವರನ್ನು ಬಿಟ್ಟುಬಿಡೋಣ, ಅವರ ಹೊಟ್ಟೆಪಾಡು. ಗಂಭೀರವಾಗಿ ಆಕ್ಷೇಪಿಸುವವರೂ ಇದ್ದಾರೆ, ಅವರಿಗೆ ಉತ್ತರ ಹೇಳಬೇಕು. ಅವರು ಹೇಳುವುದು ಇಷ್ಟು. ಒಂದೇ ವರ್ಷ ಎಸ್ಸೆಸ್ಸೆಲ್ಸಿ ಕೂತದ್ದು ಬಿಟ್ಟರೆ ಈ ಜನರ ನಡುವೆ ಸಮಾನವಾದದ್ದು ಏನೂ ಇಲ್ಲ. ಇವರನ್ನು ಒಟ್ಟಿಗೆ ಹಿಡಿದಿರುವುದು ಬರೀ ಹಳಹಳಿಕೆ, ಇದ್ದದ್ದಕ್ಕಿಂತ ಚೆಂದವಾಗಿ ನೆನಪಿಸಿಕೊಂಡ ಒಂದು ಊರು. ವರ್ಷವಿಡೀ ಫೋನು ಮಾಡದವರು ಸಾವಿನ ಸುದ್ದಿಗೆ ಮಾತ್ರ ಎದ್ದು ಕೂರುತ್ತಾರೆ, ಎರಡು ಶಬ್ದ ಒತ್ತಿ ಮತ್ತೆ ಮಲಗುತ್ತಾರೆ. ಹೋದದ್ದು ಹೋಯಿತು, ಬಿಟ್ಟು ಮುಂದೆ ನಡೆಯಬೇಕು. ಸ್ನೇಹವೆಂದರೆ ದೊಡ್ಡವರಾದ ಮೇಲೆ ನಮ್ಮ ಅಭಿರುಚಿಗೆ, ವಿಚಾರಕ್ಕೆ ತಕ್ಕಂತೆ ನಾವೇ ಆರಿಸಿಕೊಂಡದ್ದು, ಹಾಜರಿ ಪುಸ್ತಕ ಗಂಟುಹಾಕಿದ್ದಲ್ಲ.

ಇದು ಜಾಣರ ಮಾತಿನಂತೆ ಕೇಳಿಸುತ್ತದೆ. ನನ್ನ ಪ್ರಕಾರ ಇದು ಊರನ್ನು ಕಳೆದುಕೊಳ್ಳದವರ ಮಾತು. ನಾನೂ ಊರು ಕಳೆದುಕೊಂಡವನಲ್ಲ. ಅರಸೀಕೆರೆ ಕಡೆಯ ನನ್ನ ಹಳ್ಳಿ ಇದ್ದ ಜಾಗದಲ್ಲೇ ಇದೆ, ನನ್ನ ಜೊತೆ ಓದಿದವರಲ್ಲಿ ಅರ್ಧ ಜನ ಅಲ್ಲೇ ತೆಂಗಿನ ತೋಟ ನೋಡಿಕೊಂಡಿದ್ದಾರೆ. ನನಗೆ ಈ ಗುಂಪುಗಳ ಬೆಲೆ ಗೊತ್ತಾದದ್ದು ನನ್ನ ಹೆಂಡತಿಯ ಕಡೆಯಿಂದ. ಆಕೆ ಕುದುರೆಮುಖದವಳು.

ಕುದುರೆಮುಖ ಎಂದಕೂಡಲೇ ಓದುಗರಿಗೆ ಬೆಟ್ಟ, ಶೋಲಾ ಕಾಡು, ಚಾರಣ ನೆನಪಾಗುತ್ತದೆ. ಆಕೆ ಹೇಳುವ ಕುದುರೆಮುಖ ಬೇರೆ. 1976ರಲ್ಲಿ ಕೇಂದ್ರ ಸರ್ಕಾರ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯನ್ನು ಶುರುಮಾಡಿತು. ಇರಾನಿನ ಶಹಾ ಸಾಲ ಕೊಟ್ಟು ಅದಿರು ಕೊಳ್ಳುವುದೆಂದು ಒಪ್ಪಂದ. ಗಣಿ, ಕಾರ್ಖಾನೆ, ಊರು ಎಲ್ಲ ಎದ್ದು ನಿಲ್ಲುವ ಹೊತ್ತಿಗೆ 1979ರ ಕ್ರಾಂತಿಯಲ್ಲಿ ಶಹಾನೇ ಹೋದ. ಆದರೂ ಕಂಪನಿ ನಿಂತಿತು. ಗುಡ್ಡ ಅಗೆದು, ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಅರೆದು ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿದ್ದರು. ಮಲ್ಲೇಶ್ವರ ಎಂಬ ಪುಟ್ಟ ಹಳ್ಳಿ ಇದ್ದಲ್ಲಿ, ಭದ್ರಾ ನದಿಯ ಮಗ್ಗುಲಿಗೆ, ಕಂಪನಿ ಒಂದು ಊರನ್ನೇ ಕಟ್ಟಿತು: ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಕ್ಲಬ್ಬು, ಬ್ಯಾಂಕು, ದೇವಸ್ಥಾನ, ಚರ್ಚು, ಮಸೀದಿ. ದೇಶದ ಎಲ್ಲ ಮೂಲೆಯಿಂದ ಜನ ಬಂದರು. ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ತೆಲುಗು, ಒಡಿಯಾ ಮಾತಾಡಿ, ಹೊರಗೆ ಬಂದು ಒಂದು ತರಹದ ಕುದುರೆಮುಖ ಕನ್ನಡ ಮಾತಾಡುತ್ತಿದ್ದರು. ಅಪ್ಪನ ಗೆಳೆಯರೆಲ್ಲ ಅಂಕಲ್, ಅವರ ಹೆಂಡತಿಯರೆಲ್ಲ ಆಂಟಿ.

1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. 1999ರಲ್ಲಿ ಗಣಿಯ ಮೂವತ್ತು ವರ್ಷದ ಗುತ್ತಿಗೆ ಮುಗಿಯಿತು. ಪರಿಸರ ಹೋರಾಟಗಾರರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು, 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲವರು ಸ್ವಯಂ ನಿವೃತ್ತಿ ತೆಗೆದುಕೊಂಡರು, ಕೆಲವರು ಮಂಗಳೂರಿನ ಘಟಕಕ್ಕೆ ಇಳಿದರು, ಹಲವರು ವರ್ಷಗಟ್ಟಲೆ ಮುಖವನ್ನೇ ನೋಡದಿದ್ದ ತಮ್ಮ ತಮ್ಮ ಮೂಲದ ಊರುಗಳಿಗೆ ಹೊರಟರು. ಅಜ್ಜನ ಮನೆ ಎಂಬುದು ಕುದುರೆಮುಖದಲ್ಲಿ ಯಾರಿಗೂ ಇರಲಿಲ್ಲ. ಇದ್ದದ್ದು ಕ್ವಾರ್ಟರ್ಸು, ಅದರ ಬೀಗದ ಕೈಯನ್ನು ಕಚೇರಿಗೆ ಕೊಟ್ಟು ಸಹಿ ಹಾಕಿ ಬರಬೇಕು. ಈಗ ಆ ದಾರಿಯಲ್ಲಿ ಹೋದರೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್ ಬರೆದುಕೊಂಡು, ಇಷ್ಟು ಹೊತ್ತಿನೊಳಗೆ ದಾಟಬೇಕೆಂದು ಚೀಟಿ ಕೊಡುತ್ತಾರೆ. ಹುಟ್ಟಿದ ಊರಿಗೆ ಹೊತ್ತು ಗೊತ್ತುಮಾಡಿಸಿಕೊಂಡು ಹೋಗಬೇಕಾದವರ ಮುಂದೆ ಹಳಹಳಿಕೆಯ ಬಗ್ಗೆ ಉಪದೇಶ ಮಾಡುವುದಕ್ಕೆ ಮೊದಲು ಸ್ವಲ್ಪ ಯೋಚಿಸಬೇಕು.

ಆದರೂ ಉಪದೇಶ ನಿಂತಿಲ್ಲ. ಕುದುರೆಮುಖದವರ ವಿಷಯದಲ್ಲಿ ಅದಕ್ಕೆ ಇನ್ನೊಂದು ಮುಳ್ಳೂ ಇದೆ. ‘ಕಾಡು ಹಾಳುಮಾಡಿದ ಕಂಪನಿಗಾಗಿ ಅಳುತ್ತೀರಾ? ಗಣಿ ನಿಂತದ್ದು ಒಳ್ಳೆಯದಲ್ಲವೇ?’ ಎಂದು ಒಬ್ಬ ವಿದ್ಯಾವಂತರು ನಮ್ಮ ಮನೆಯಲ್ಲೇ ಕೂತು, ನಮ್ಮದೇ ಕಾಫಿ ಕುಡಿಯುತ್ತಾ ನನ್ನ ಹೆಂಡತಿಯನ್ನು ಕೇಳಿದರು. ಆಕೆ ‘ಒಳ್ಳೆಯದೇ’ ಎಂದಳು. ಅವರಿಗೆ ಮುಂದೆ ಏನು ಕೇಳಬೇಕೋ ಗೊತ್ತಾಗಲಿಲ್ಲ.

ಗಣಿ ನಿಲ್ಲಬೇಕಿತ್ತು. ಮಳೆಗಾಲದಲ್ಲಿ ಗಣಿಯ ಮಣ್ಣು ಹೊತ್ತು ಭದ್ರೆ ಕೆಂಪಾಗಿ ಇಳಿಯುತ್ತಿದ್ದುದನ್ನು ಕಂಡವರಿದ್ದಾರೆ. ಮೂರು ನದಿಗಳು ಹುಟ್ಟುವ ಬೆಟ್ಟಸಾಲಿನ ನೆತ್ತಿಯಲ್ಲಿ ಅಂಥ ಕೆಲಸ ಮಾಡಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆಕೆಯ ಜೊತೆ ಓದಿದ ಹೆಚ್ಚಿನವರಿಗೂ ಇಲ್ಲ. ಹಾಗಿದ್ದರೆ ದುಃಖ ಯಾಕೆ ಎಂದು ಕೇಳುವವರು ದುಃಖವನ್ನು ಅರ್ಜಿ ಎಂದುಕೊಂಡಿದ್ದಾರೆ. ಸತ್ತ ಅಪ್ಪನನ್ನು ನೆನೆದು ಅಳುವವರು ಅಪ್ಪನನ್ನು ವಾಪಸು ಕೊಡಿ ಎಂದು ಯಾವ ಕಚೇರಿಗೂ ಬರೆಯುತ್ತಿಲ್ಲ, ಅಪ್ಪ ಮಾಡಿದ್ದೆಲ್ಲ ಸರಿ ಎಂದು ಸಾಧಿಸುತ್ತಲೂ ಇಲ್ಲ. ಕೋರ್ಟಿನ ತೀರ್ಪು ನ್ಯಾಯವಾಗಿದ್ದರೂ ಅದರಿಂದ ಸಾವಿರಾರು ಮಕ್ಕಳ ಊರು ಹೋಯಿತು. ಎರಡೂ ನಿಜ, ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಬದುಕಬಹುದು. ಆ ಮಕ್ಕಳು ಇಟ್ಟುಕೊಂಡಿದ್ದಾರೆ, ಆಕ್ಷೇಪಿಸುವವರ ಕೈಲಿ ಆಗುತ್ತಿಲ್ಲ ಅಷ್ಟೆ.

ಇನ್ನು ನೆನಪು ಇದ್ದದ್ದಕ್ಕಿಂತ ಚೆಂದವಾಗಿರುತ್ತದೆ ಎಂಬ ಮಾತು. ಹೇಳುವವರು ಒಮ್ಮೆಯಾದರೂ ನನ್ನ ಹೆಂಡತಿಯ ಸಹಪಾಠಿಗಳ ಗುಂಪಿನ ಮಾತು ಕೇಳಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಅಲ್ಲಿ ನೆನಪಾಗುವುದು ಹೆಚ್ಚಾಗಿ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗದ ಸಮವಸ್ತ್ರ, ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಒತ್ತಿ ಒಣಗಿಸುವಾಗ ಸಾಕ್ಸಿನಿಂದ ಬರುತ್ತಿದ್ದ ಸುಟ್ಟ ವಾಸನೆ, ಪಾಠದ ನಡುವೆ ಕಾಲಿನಿಂದ ಕಿತ್ತು ಮುಂದಿನ ಬೆಂಚಿನವಳ ಜಡೆಗೆ ಹಾಕಿದ ಇಂಬಳ, ಕಿಟಕಿಯಿಂದ ಒಳಗೆ ಬಂದು ಕರಿಹಲಗೆಯನ್ನೇ ಮರೆಮಾಡುತ್ತಿದ್ದ ಮಂಜು. ಆಮೇಲೆ ಒಬ್ಬ ಮೇಷ್ಟರ ಹೊಡೆತ. ಅದರ ಬಗ್ಗೆ ಎರಡು ಪಕ್ಷಗಳಿವೆ: ಅವರಿಂದಲೇ ನಾವು ಉದ್ಧಾರವಾದೆವು ಎನ್ನುವವರು, ಆ ಮನುಷ್ಯನನ್ನು ಇವತ್ತಿಗೂ ಕ್ಷಮಿಸುವುದಿಲ್ಲ ಎನ್ನುವವರು. ಇದು ಸಕ್ಕರೆ ಸುತ್ತಿದ ನೆನಪಲ್ಲ, ಸಾಕ್ಷಿ ಹೇಳಿಕೆ. ಒಬ್ಬ ತಪ್ಪಿ ಹೇಳಿದರೆ ಹತ್ತು ಜನ ತಿದ್ದುತ್ತಾರೆ. ಒಂಟಿಯಾಗಿ ನೆನಪಿಸಿಕೊಳ್ಳುವವರಿಗೆ ತಿದ್ದುವವರು ಎಲ್ಲಿರುತ್ತಾರೆ? ಹಳಹಳಿಕೆಗೆ ಬೀಳುವ ಅಪಾಯ ಯಾರಿಗಾದರೂ ಇದ್ದರೆ ಗುಂಪಿನಲ್ಲಿ ಇಲ್ಲದವರಿಗೇ ಇದೆ.

ಈಗ ‘ಓಂ ಶಾಂತಿ’ಗೆ ಬರುತ್ತೇನೆ. ಹೆಚ್ಚು ನಗೆಪಾಟಲಾಗಿರುವುದು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಎಂಬತ್ತರ ದಶಕದಲ್ಲಿ ಗಣಿಗೆ ಸೇರಿದ ಯುವಕರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಕುದುರೆಮುಖದ ಬ್ಯಾಚುಗಳಿಗೆ ಇದು ಅಪ್ಪ ಅಮ್ಮಂದಿರ ಸಾವಿನ ಕಾಲ. ಮಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಹಾಗೊಬ್ಬ ಅಂಕಲ್ ಬೆಳಗಿನ ಜಾವ ನಿದ್ದೆಯಲ್ಲೇ ಹೋದರು. ಮನೆಯಲ್ಲಿ ಇದ್ದದ್ದು ಆಂಟಿ ಒಬ್ಬರೇ. ಮಗ ಮಸ್ಕತ್ತಿನಲ್ಲಿ. ಅವನು ಅಲ್ಲಿಂದಲೇ ಗುಂಪಿಗೆ ಒಂದು ಸಾಲು ಹಾಕಿದ. ಬೆಳಗಾಗುವಷ್ಟರಲ್ಲಿ ‘ಓಂ ಶಾಂತಿ’ಗಳು ಸಾಲುಗಟ್ಟಿದವು. ಹೊರಗಿನಿಂದ ನೋಡುವವರಿಗೆ ಕಾಣುವುದು ಅಷ್ಟೇ.

ಕಾಣದಿದ್ದದ್ದು ಇದು. ಗುಂಪಿನ ಹೊರಗೆ ಫೋನುಗಳು ಓಡಾಡಿದವು. ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಒಬ್ಬ ಆರೂವರೆಗೆ ಆ ಮನೆಯ ಬಾಗಿಲಲ್ಲಿದ್ದ. ನರ್ಸಾಗಿರುವ ಇನ್ನೊಬ್ಬಳು ವೈದ್ಯರೊಬ್ಬರನ್ನು ಕರೆದುಕೊಂಡು ಬಂದಳು, ಯಾಕೆಂದರೆ ಮನೆಯಲ್ಲಿ ಸತ್ತವರಿಗೆ ವೈದ್ಯರ ದೃಢೀಕರಣ ಪತ್ರವಿಲ್ಲದೆ ಸ್ಮಶಾನದಲ್ಲಿ ಕಟ್ಟಿಗೆಯೂ ಸಿಗುವುದಿಲ್ಲ. ಮೂರನೆಯವನು ಫ್ರೀಜರ್ ಬಾಕ್ಸ್ ಬಾಡಿಗೆಗೆ ಕೊಡುವವನನ್ನು ಹಿಡಿದ. ಲಿಫ್ಟಿನೊಳಗೆ ಆ ಪೆಟ್ಟಿಗೆ ಹಿಡಿಸುವುದಿಲ್ಲವೆಂದು ನಾಲ್ಕು ಜನ ಮೆಟ್ಟಿಲಲ್ಲಿ ಹೊತ್ತರು. ಆಧಾರ್ ಕಾರ್ಡಿನ ನಕಲು ಎಲ್ಲಿದೆಯೆಂದು ಆಂಟಿಗೆ ಹೊಳೆಯಲಿಲ್ಲ. ಮಗನಿಗೆ ಫೋನು ಹಚ್ಚಿ ಬೀರುವಿನ ಯಾವ ಖಾನೆ ಎಂದು ಕೇಳಿ ತೆಗೆದರು. ಬೋಳೂರಿನ ಸ್ಮಶಾನದಲ್ಲಿ ಸಂಜೆಯ ಹೊತ್ತು ಗೊತ್ತುಮಾಡಿದರು, ಬಜ್ಪೆಗೆ ಕಾರು ಕಳಿಸಿದರು. ಇಬ್ಬರು ಹೆಂಗಸರು ಬೇರೇನೂ ಮಾಡಲಿಲ್ಲ, ಆಂಟಿಯ ಪಕ್ಕ ಕೂತರು, ಬಲವಂತ ಮಾಡಿ ಗಂಜಿ ಕುಡಿಸಿದರು. ಇವರಲ್ಲಿ ಒಬ್ಬಳು ಕ್ರೈಸ್ತೆ, ಪೆಟ್ಟಿಗೆ ಹೊತ್ತವರಲ್ಲಿ ಒಬ್ಬ ಬ್ಯಾರಿ. ಕರಾವಳಿಯಲ್ಲಿ ಈಗ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದು ಬೇರೆಯೇ ದುಃಖ, ಇರಲಿ.

ಗುಂಪಿನಲ್ಲಿದ್ದ ಉಳಿದವರು ಏನು ಮಾಡಿದರು? ದೂರದಲ್ಲಿದ್ದರು, ‘ಓಂ ಶಾಂತಿ’ ಎಂದರು. ಅದು ತರಗತಿಯಲ್ಲಿ ಹೆಸರು ಕೂಗಿದಾಗ ಎದ್ದು ‘ಪ್ರೆಸೆಂಟ್ ಸಾರ್’ ಅಂದಂತೆ. ಆ ಎರಡು ಶಬ್ದದಲ್ಲಿ ಕಾವ್ಯವಿದೆಯೇ ಎಂದು ಹುಡುಕುವವರು ಹಾಜರಿ ಪುಸ್ತಕದಲ್ಲಿ ಕಾವ್ಯ ಹುಡುಕುತ್ತಿದ್ದಾರೆ. ಸುದ್ದಿ ತಲುಪಿತು, ನಾನಿದ್ದೇನೆ, ಬೇಕಾದರೆ ಕರೆ: ಇಷ್ಟೇ ಅದರ ಅರ್ಥ, ಆ ಮಗನಿಗೆ ವಿಮಾನದಲ್ಲಿ ಕೂತಾಗ ಬೇಕಾಗಿದ್ದದ್ದೂ ಇಷ್ಟೇ. ಸಾವಿನ ಮನೆಯಲ್ಲಿ ಸ್ವಂತಿಕೆ ತೋರಿಸುವವರನ್ನು ಕಂಡರೆ ನನಗೆ ಭಯ. ಎಲ್ಲರೂ ಹೇಳುವ ಮಾತನ್ನೇ ಹೇಳುವುದು ಅಲ್ಲಿನ ಸಭ್ಯತೆ.

ಆ ದಿನದ ಇನ್ನೊಂದು ಸಂಗತಿಯನ್ನು ನಾನೇ ಕಂಡೆ. ಅಪಾರ್ಟ್‌ಮೆಂಟಿನವರು ಬಂದು ನೋಡಿ ಹೋಗುತ್ತಿದ್ದರು. ಅವರ ಪಾಲಿಗೆ ಆ ಹಿರಿಯರು ಕೋಲು ಹಿಡಿದು ಸಂಜೆ ಪಾರ್ಕಿಂಗಿನಲ್ಲಿ ಎರಡು ಸುತ್ತು ಹಾಕುತ್ತಿದ್ದ ಮುದುಕರು, ಕಿವಿ ಸರಿಯಾಗಿ ಕೇಳದವರು. ಹದಿಮೂರು ಹದಿನಾಲ್ಕರ ಮೊಮ್ಮಗನಿಗೂ ಅಷ್ಟೇ. ಕಿವಿ ಯಾಕೆ ಕೇಳುತ್ತಿರಲಿಲ್ಲ ಎಂದು ಅವನಿಗೆ ಹೇಳಿದ್ದು ಪೆಟ್ಟಿಗೆ ಹೊತ್ತವರಲ್ಲಿ ಒಬ್ಬ. ‘ನಿನ್ನ ಅಜ್ಜ ಡಂಪರ್ ಓಡಿಸ್ತಿದ್ರು ಮಾರಾಯ. ಅದರ ಟಯರು ನಿನ್ನ ಅಪ್ಪನಿಗಿಂತ ಎತ್ತರ. ಏಣಿ ಹತ್ತಿ ಮೇಲೆ ಕೂರಬೇಕು. ಮಂಜು ಬಿದ್ದರೆ ಹತ್ತಡಿ ಮುಂದೆ ಏನೂ ಕಾಣ್ತಿರ್ಲಿಲ್ಲ, ಪಕ್ಕದಲ್ಲಿ ಕಮರಿ. ನಾವು ಚಿಕ್ಕವರಿದ್ದಾಗ ಒಂದು ದಿನ ನನ್ನನ್ನೂ ನಿನ್ನ ಅಪ್ಪನನ್ನೂ ಹತ್ತಿಸಿಕೊಂಡಿದ್ರು, ಸೂಪರ್‌ವೈಸರ್ ಹತ್ರ ಬೈಸ್ಕೊಂಡ್ರು.’ ಹುಡುಗ ಎದ್ದು ಹೋಗಿ ಪೆಟ್ಟಿಗೆಯ ಗಾಜಿನೊಳಗೆ ಮತ್ತೊಮ್ಮೆ ನೋಡಿದ. ಅಜ್ಜ ಆ ಮನೆಯಲ್ಲಿ ಮುದುಕರಾಗಿ ಸತ್ತಿದ್ದರು, ಸಂಜೆ ಸ್ಮಶಾನಕ್ಕೆ ಹೋಗುವ ಹೊತ್ತಿಗೆ ಡಂಪರ್ ಆಪರೇಟರ್ ಆಗಿದ್ದರು. ಆ ಕೆಲಸವನ್ನು ಸಂಬಂಧಿಕರು ಮಾಡಲಾರರು, ಅವರು ಕುದುರೆಮುಖದಲ್ಲಿ ಇರಲಿಲ್ಲ. ಮಗ ಮಾಡಲಾರ, ಅವನು ಅಳುತ್ತಿರುತ್ತಾನೆ. ನಮ್ಮ ಅಪ್ಪ ಅಮ್ಮ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಗ ಅವರನ್ನು ದಿನವೂ ನೋಡಿದ, ಅವರ ಕೈಯಲ್ಲಿ ತಿಂದ, ಬೈಸಿಕೊಂಡ ಹೊರಗಿನವರು ಯಾರು? ನಮ್ಮ ಜೊತೆ ಓದಿದವರು ಮಾತ್ರ. ದೊಡ್ಡವರಾದ ಮೇಲೆ ಆರಿಸಿಕೊಂಡ ಸ್ನೇಹಿತರು ಎಷ್ಟೇ ಆಪ್ತರಾದರೂ ನಮ್ಮ ಅಪ್ಪನ ಮುಪ್ಪನ್ನು ಮಾತ್ರ ಕಂಡಿರುತ್ತಾರೆ.

2021ರ ಏಪ್ರಿಲ್, ಮೇ ತಿಂಗಳ ಮಾತನ್ನೂ ಇಲ್ಲಿ ಹೇಳಬೇಕು. ಬೆಂಗಳೂರಿನಲ್ಲಿ ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಬಿಯು ನಂಬರ್ ಇಲ್ಲದೆ ಹಾಸಿಗೆ ಸಿಗದಿದ್ದಾಗ, ನಂಬರ್ ಸಿಕ್ಕಿದರೂ ಆಮ್ಲಜನಕ ಸಿಗದಿದ್ದಾಗ, ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆಗಳು ಉರಿಯುತ್ತಿದ್ದಾಗ, ಹಾಸಿಗೆ ಎಲ್ಲಿದೆಯೆಂದು ರಾತ್ರಿಯಿಡೀ ಫೋನು ಮಾಡುತ್ತಾ ಕೂತಿದ್ದು ಪುಸ್ತಕ ಚರ್ಚೆಯ ಬಳಗಗಳಲ್ಲ. ಆ ಬಳಗಗಳಲ್ಲಿ ನಾನೂ ಇದ್ದೇನೆ. ಅಲ್ಲಿ ಸಾವಿನ ಬಗ್ಗೆ ಒಳ್ಳೊಳ್ಳೆಯ ಮಾತು ಬಂತು. ಎಸ್ಸೆಸ್ಸೆಲ್ಸಿ ಗುಂಪುಗಳಲ್ಲಿ ಅದೇ ಹೊತ್ತಿಗೆ ಹಬೆ ತೆಗೆದುಕೊಂಡರೆ ಎಲ್ಲ ವಾಸಿ ಎಂಬ ಅಸಂಬದ್ಧವೂ ಹರಿದಾಡಿತು, ಒಪ್ಪುತ್ತೇನೆ. ಆದರೆ ಅದೇ ಗುಂಪಿನಲ್ಲಿ ಸಿಲಿಂಡರ್ ಇರುವ ಅಂಗಡಿಯ ನಂಬರೂ ಬಂತು, ಅದು ಸರಿಯಾದ ನಂಬರಾಗಿತ್ತು.

ಆರಿಸಿಕೊಂಡ ಸ್ನೇಹವೇ ಸ್ನೇಹ ಎಂಬ ವಾದದ ಹುಳುಕು ಇಲ್ಲೇ ಇದೆ. ಅಭಿರುಚಿ ಕೂಡಿ ಬಂದವರು ಅಭಿರುಚಿ ಬದಲಾದಾಗ ಹೋಗುತ್ತಾರೆ, ಹೋಗಬೇಕು ಕೂಡ. ವಿಚಾರ ಕೂಡಿ ಬಂದವರು ಒಂದು ಚುನಾವಣೆಗೆ ಚದುರುತ್ತಾರೆ. ಸಹಪಾಠಿಗಳೂ ಚುನಾವಣೆಗೆ ಜಗಳವಾಡುತ್ತಾರೆ, ಗುಂಪು ಬಿಟ್ಟು ಹೋಗುತ್ತಾರೆ, ‘ರಾಜಕೀಯ ಬೇಡ’ ಎಂದು ಅಡ್ಮಿನ್ ದೊಡ್ಡ ಅಕ್ಷರದಲ್ಲಿ ಬರೆಯುತ್ತಾನೆ, ಯಾರೂ ಕೇಳುವುದಿಲ್ಲ. ಆದರೆ ಗುಂಪು ಬಿಟ್ಟವನ ತಾಯಿ ತೀರಿಕೊಂಡರೆ ಜಗಳವಾಡಿದವನೇ ಮೊದಲು ಹೋಗುತ್ತಾನೆ. ವಿಚಾರದಿಂದ ಶುರುವಾದ ಸಂಬಂಧವಲ್ಲವಾದ್ದರಿಂದ ವಿಚಾರದಿಂದ ಮುಗಿಯುವುದೂ ಇಲ್ಲ. ಚಟ್ಟಕ್ಕೆ ಹೆಗಲು ಕೊಡುವುದಕ್ಕೆ ಯಾವ ಊರಿನಲ್ಲೂ ಸಮಾನ ಅಭಿರುಚಿಯವರನ್ನು ಕರೆದಿಲ್ಲ. ನನ್ನ ಹಳ್ಳಿಯಲ್ಲಿ ತಮಟೆ ಸದ್ದು ಕೇಳಿದರೆ ಸಾಕು, ಅಕ್ಕಪಕ್ಕದವರು ಕೆಲಸ ಬಿಟ್ಟು ಬರುತ್ತಾರೆ. ಮಾತು ಬಿಟ್ಟವರೂ ಬರುತ್ತಾರೆ. ಬದುವಿಗಾಗಿ ಕೋರ್ಟಿನಲ್ಲಿ ಇರುವವರೂ ಬಂದು ಗುಂಡಿ ತೋಡುತ್ತಾರೆ, ಮರುದಿನ ವಾಯಿದೆಗೆ ಹೋಗುತ್ತಾರೆ. ಆ ಬೀದಿಯನ್ನು ಅವರು ಆರಿಸಿಕೊಂಡಿರಲಿಲ್ಲ. ಕುದುರೆಮುಖದವರಿಗೆ ಬೀದಿ ಹೋಯಿತು, ತರಗತಿ ಉಳಿಯಿತು. ಬೀದಿ ಮಾಡಬೇಕಾದ ಕೆಲಸವನ್ನು ತರಗತಿ ಮಾಡುತ್ತಿದೆ.

ತರಗತಿಯೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೆ ಮೊದಲೇ ಹಿರೇಭಾಸ್ಕರ ಅಣೆಕಟ್ಟಿಗಾಗಿ ಒಮ್ಮೆ ಎದ್ದಿದ್ದ ಜನರಲ್ಲಿ ಕೆಲವರು ಮತ್ತೊಮ್ಮೆ ಏಳಬೇಕಾಯಿತು. ಲಾರಿಗಳಲ್ಲಿ ತುಂಬಿಸಿ ಶಿವಮೊಗ್ಗದ ಸುತ್ತಮುತ್ತಲ ಕಾಡುಗಳಲ್ಲಿ ಇಳಿಸಿದರು. ಅಕ್ಕಪಕ್ಕದ ಮನೆಯವರು ಬೇರೆ ಬೇರೆ ದಿಕ್ಕಿಗೆ ಹೋದರು. ನಾ. ಡಿಸೋಜ ತಮ್ಮ ಬರವಣಿಗೆಯ ದೊಡ್ಡ ಪಾಲನ್ನು ಈ ಜನರಿಗೆ ಕೊಟ್ಟರು, ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ನಾವೆಲ್ಲ ನೋಡಿ ಮೆಚ್ಚಿದೆವು. ಭೂಮಿಯ ಹಕ್ಕುಪತ್ರಕ್ಕಾಗಿ ಆ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಅಲೆಯುತ್ತಿದ್ದಾರೆ. ಆದರೆ ಜಮೀನಿನ ಲೆಕ್ಕ ಎಲ್ಲಾದರೂ ಒಂದು ಕಡತದಲ್ಲಿ ಇರುತ್ತದೆ. ಒಂದೇ ಕೇರಿಯಲ್ಲಿ ಬೆಳೆದು ಬೇರೆ ಬೇರೆ ಲಾರಿ ಹತ್ತಿದ ಹುಡುಗರು ಒಬ್ಬರಿಗೊಬ್ಬರು ಏನಾದರು ಎಂಬುದರ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಸಾಗರದ ಕಡೆಯ ಹಿರಿಯರೊಬ್ಬರು ಹೇಳುತ್ತಿದ್ದರು: ಜೊತೆಯವನು ಸತ್ತ ಸುದ್ದಿ ಯಾರದೋ ಮದುವೆಯಲ್ಲಿ, ಅವನ ವರ್ಷಾಂತಿಕವೂ ಕಳೆದ ಮೇಲೆ, ಮಾತಿಗೆ ಮಾತು ಬಂದು ಗೊತ್ತಾಗುತ್ತಿತ್ತು. ‘ಆಗ ಅಳೂಕೂ ಆಗ್ತಿರ್ಲಿಲ್ಲ, ಮದುವೆ ಮನೆ.’ ಬಾಗಲಕೋಟೆಯವರ ಅದೃಷ್ಟ ಕೊಂಚ ಮೇಲು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ತಗ್ಗಿನ ಭಾಗ ಬಿಟ್ಟುಕೊಟ್ಟು ನವನಗರದ ಸೆಕ್ಟರುಗಳಿಗೆ ಚದುರಿದರೂ ಹೋಳಿಯ ಹಲಗೆ ಸದ್ದಿಗೆ ಹಳೆಯ ಪೇಟೆಗಳಲ್ಲಿ ಸೇರುತ್ತಾರೆ. ಕುದುರೆಮುಖದವರಿಗೆ ಸೇರಲು ಉಳಿದ ಪೇಟೆಯೂ ಇಲ್ಲ, ಹಲಗೆಯೂ ಇಲ್ಲ. ಇರುವುದು ಫೋನು.

ಈ ಗುಂಪುಗಳ ಮೇಲಿನ ಒಂದು ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ತಳ್ಳಿಹಾಕಲಾರೆ. ಗೇಲಿ ಮಾಡುವವರು ಅದನ್ನು ಎತ್ತುವುದೇ ಇಲ್ಲ, ಯಾಕೆಂದರೆ ಅದು ಅವರಿಗೂ ತಗಲುತ್ತದೆ. ಯಾರು ಗುಂಪಿನಲ್ಲಿ ಇಲ್ಲ ಎಂಬ ಪ್ರಶ್ನೆ. ಕಂಪನಿಯ ಊರಿನಲ್ಲಿ ಜಾತಿ ಮೆತ್ತಗಿತ್ತು ಎನ್ನುತ್ತಾರೆ, ಇರಬಹುದು. ಆದರೆ ದರ್ಜೆ ಮೆತ್ತಗಿರಲಿಲ್ಲ. ಅಪ್ಪನ ಹುದ್ದೆ ನೋಡಿ ಕ್ವಾರ್ಟರ್ಸು, ಕ್ವಾರ್ಟರ್ಸು ನೋಡಿ ಹುಟ್ಟುಹಬ್ಬಕ್ಕೆ ಕರೆ. ಗುತ್ತಿಗೆ ಕಾರ್ಮಿಕರ ಮಕ್ಕಳು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ; ಗಣಿ ನಿಂತಾಗ ಕಾಯಂ ನೌಕರರಿಗೆ ಸಿಕ್ಕ ಹಾಗೆ ಕೈಗೊಂದು ಗಂಟು ಅವರಿಗೆ ಸಿಗಲಿಲ್ಲ, ಮೊದಲು ಕಣ್ಮರೆಯಾದವರೂ ಅವರೇ. ಒಂಬತ್ತನೆಯಲ್ಲಿ ಫೇಲಾಗಿ ಬಿಟ್ಟುಹೋದವರನ್ನು ಬ್ಯಾಚಿಗೆ ಸೇರಿಸಿಕೊಳ್ಳಬೇಕೇ ಎಂದು ಹೆಂಡತಿಯ ಗುಂಪಿನಲ್ಲಿ ಒಂದು ದೊಡ್ಡ ಚರ್ಚೆಯಾಯಿತು. ಒಬ್ಬ ಮಹಾಶಯ ‘ನಮ್ಮ ಬ್ಯಾಚ್ ಅಂದ್ರೆ ಪಾಸಾದವ್ರು’ ಎಂದ. ‘ನೀನು ಗಣಿತದಲ್ಲಿ ನನ್ನದು ನೋಡಿ ಬರ್ದದ್ದು, ಹೇಳ್ಲಾ?’ ಎಂದು ಆಕೆ ಕೇಳಿದ ಮೇಲೆ ಆ ವಿಷಯ ಇತ್ಯರ್ಥವಾಯಿತು.

ಕಂಪನಿಗಿಂತ ಮೊದಲು ಮಲ್ಲೇಶ್ವರದಲ್ಲಿ ಇದ್ದವರಿಗೂ ಒಂದು ಊರು ಇತ್ತು. ರಾಷ್ಟ್ರೀಯ ಉದ್ಯಾನದೊಳಗಿನ ಹಳ್ಳಿಗಳವರು ಇರಬೇಕೋ ಬಿಡಬೇಕೋ ಎಂಬ ಪ್ರಶ್ನೆಯ ಕೆಳಗೇ ವರ್ಷಗಳನ್ನು ಕಳೆದಿದ್ದಾರೆ. ಕುದುರೆಮುಖದ ಮಕ್ಕಳು ತಮ್ಮ ಊರಿಗಾಗಿ ಅಳುವಾಗ ಇವರನ್ನೂ ನೆನೆಯಬೇಕು ಎಂದರೆ ನಾನು ಒಪ್ಪುತ್ತೇನೆ. ಇವರನ್ನು ನೆನೆಯದ ಕಾರಣ ಆ ಅಳು ಸುಳ್ಳು ಎಂದರೆ ಒಪ್ಪುವುದಿಲ್ಲ. ಇನ್ನೊಬ್ಬರ ನಷ್ಟವನ್ನು ಗುರುತಿಸುವ ಕಣ್ಣು ಬರುವುದು ತನ್ನ ನಷ್ಟವನ್ನು ಗಟ್ಟಿಯಾಗಿ ಹೇಳಿಕೊಂಡವರಿಗೆ. ಆ ಗುಂಪಿನಲ್ಲಿ ಹಕ್ಕುಪತ್ರದ ಹೋರಾಟದ ಸುದ್ದಿ ಹಂಚಿಕೊಳ್ಳುವವರು ಒಂದಿಬ್ಬರಾದರೂ ಇದ್ದಾರೆ. ಹಳಹಳಿಕೆಯನ್ನು ಬೈಯುವ ನನ್ನ ಮಿತ್ರರ ಬಳಗದಲ್ಲಿ ಅದನ್ನು ಯಾರೂ ಹಂಚಿಕೊಂಡದ್ದು ನಾನು ಕಂಡಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಕಷ್ಟದ್ದು. ಗಂಡಸರ ಗುಂಪು ಒಂದು ವಾರದಲ್ಲಿ ಕಟ್ಟಿಕೊಂಡಿತು, ಹೆಂಗಸರನ್ನು ಹುಡುಕಲು ವರ್ಷಗಳೇ ಹಿಡಿದವು. ಮದುವೆಯಾಗಿ ಇನಿಶಿಯಲ್ ಬದಲಾಗಿತ್ತು, ಊರು ಬದಲಾಗಿತ್ತು, ಕೆಲವರಿಗೆ ಹೆಸರೇ ಬದಲಾಗಿತ್ತು. ಸಿಕ್ಕಿದ ಒಬ್ಬಳು ಫೋನಿನಲ್ಲಿ ಮೊದಲು ಕೇಳಿದ್ದು, ‘ಹುಡುಗರೂ ಇದ್ದಾರಾ ಗುಂಪಲ್ಲಿ? ಹಾಗಾದ್ರೆ ಬೇಡ ಕಣೇ, ಮನೇಲಿ ಸರಿಯಾಗಲ್ಲ.’ ಐವತ್ತರ ಹತ್ತಿರದ ಹೆಂಗಸು. ಇಂಥ ಗುಂಪುಗಳಿಂದ ಸಂಸಾರ ಹಾಳಾಗುತ್ತದೆ ಎಂದು ಟಿವಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ನಗುತ್ತಾ ಹೇಳುವವರು ಏನು ಮಾಡುತ್ತಿದ್ದೇವೆಂದು ತಿಳಿಯಬೇಕು. ಆ ನಗುವಿನಿಂದಾಗಿ ಒಬ್ಬ ಹೆಂಗಸಿಗೆ ತನ್ನ ತವರಿನ ಕೊನೆಯ ಸಾಕ್ಷಿಗಳು ಸಿಗಲಿಲ್ಲ. ಅವಳ ಅಪ್ಪ ತೀರಿಕೊಂಡಾಗ ಬಂದವರೆಲ್ಲ ಗಂಡನ ಕಡೆಯವರು, ಅವಳ ಅಪ್ಪ ಗಣಿಯಲ್ಲಿ ಏನು ಮಾಡುತ್ತಿದ್ದರೆಂದು ತಿಳಿದ ಒಬ್ಬರೂ ಅಲ್ಲಿರಲಿಲ್ಲ. ಕೊನೆಗೆ ಹೆಂಗಸರದ್ದೇ ಬೇರೆ ಗುಂಪು ಮಾಡಿ ಅವಳನ್ನು ಸೇರಿಸಿಕೊಂಡರು. ಈಗ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ಅವಳೇ ಎಂದು ಕೇಳಿದ್ದೇನೆ, ಒಳಗೆ ಏನು ಮಾತು ಎಂದು ನನಗೆ ಹೇಳುವುದಿಲ್ಲ.

ಗೇಲಿ ಮಾಡಲೇಬೇಕೆನ್ನುವವರಿಗೆ ಒಂದು ಜಾಗ ಬಿಟ್ಟುಕೊಡುತ್ತೇನೆ: ಸ್ನೇಹ ಸಮ್ಮಿಲನ. ಹವಾನಿಯಂತ್ರಿತ ಹಾಲು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಫ್ಲೆಕ್ಸು, ಮುಪ್ಪಿನ ಮೇಷ್ಟರನ್ನು ಕೂರಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಡಿಜೆ. ದುಡ್ಡು ಮಾಡಿದವನ ಭಾಷಣ ಬೇರೆ. ವಂತಿಗೆ ಕೊಡಲಾರದವರು ‘ಅವತ್ತು ಬೇರೆ ಕೆಲಸವಿದೆ’ ಎನ್ನುತ್ತಾರೆ. ನನ್ನ ಹೆಂಡತಿಯೂ ಒಂದಕ್ಕೆ ಹೋಗಿ ಬೇಸರವಾಗಿ ಬಂದಳು. ಸಂತೋಷಕ್ಕೆ ಸೇರಿದಾಗ ಇವರು ಎಲ್ಲರಂತೆಯೇ ಒಣಜಂಬದ ಜನ. ಸತ್ತಾಗ ಮಾತ್ರ ಸೇರುತ್ತಾರೆ ಎಂದು ಹಂಗಿಸುವವರು ಅವರ ಒಳ್ಳೆಯ ಗುಣವನ್ನೇ ದೋಷದ ಪಟ್ಟಿಗೆ ಹಾಕಿದ್ದಾರೆ. ಹಾಡು ಕುಣಿತಕ್ಕೆ ಕರೆದರೆ ಬರುವವರು ಬೇಕಷ್ಟಿದ್ದಾರೆ.

ಕೊನೆಗೆ ಕೇಳುವ ಪ್ರಶ್ನೆ, ಇದರಿಂದ ಮುಂದಿನ ತಲೆಮಾರಿಗೆ ಏನು ಪ್ರಯೋಜನ ಎಂಬುದು. ಏನೂ ಇಲ್ಲ. ಕುದುರೆಮುಖದಲ್ಲಿ ಹುಟ್ಟಿ ಬೆಳೆದು ಎಸ್ಸೆಸ್ಸೆಲ್ಸಿ ಮುಗಿಸಿದವರು ಇನ್ನು ಮೇಲೆ ಹೊಸದಾಗಿ ಹುಟ್ಟುವುದಿಲ್ಲ; ಗಣಿ ನಿಂತ ವರ್ಷ ಹತ್ತನೇ ತರಗತಿಯಲ್ಲಿದ್ದವರಿಗೂ ಈಗ ಮೂವತ್ತೈದು ದಾಟಿದೆ. ಪಟ್ಟಿ ಚಿಕ್ಕದಾಗುತ್ತಲೇ ಹೋಗುತ್ತದೆ, ಈಗ ಅಪ್ಪ ಅಮ್ಮಂದಿರ ಸರದಿ, ಆಮೇಲೆ ಅವರದೇ. ನಮ್ಮ ಮಗಳಿಗೆ ಇದರಲ್ಲಿ ಒಂದಿಷ್ಟೂ ಆಸಕ್ತಿಯಿಲ್ಲ, ಇರಬೇಕೆಂದು ನಮ್ಮಿಬ್ಬರಿಗೂ ಅನಿಸಿಲ್ಲ. ಅವಳಿಗೆ ಅವಳ ತರಗತಿಯಿದೆ, ಈಗಲೇ ಅವರಲ್ಲೊಬ್ಬಳ ಅಜ್ಜಿ ತೀರಿಕೊಂಡಾಗ ಎಲ್ಲರೂ ಸೇರಿ ಹೋಗಿ ಬಂದರು, ಹೋಮ್‌ವರ್ಕ್ ಬರೆದುಕೊಟ್ಟರು. ಒಂದು ಊರಿನ ಜನ ತಮ್ಮ ತಮ್ಮ ಸತ್ತವರನ್ನು ಒಬ್ಬರಿಗೊಬ್ಬರು ಹೊತ್ತು ಮುಗಿಸಿದ ಮೇಲೆ ಆ ಗುಂಪಿಗೆ ಬೇರೆ ಕೆಲಸವಿಲ್ಲ. ಕೊನೆಗೆ ಉಳಿಯುವ ಅಡ್ಮಿನ್ ಯಾರು ಎಂದು ಅವರೇ ಪಂತ ಕಟ್ಟಿದ್ದಾರೆ. ಸಿಗರೇಟು ಸೇದದ ಒಬ್ಬಳ ಮೇಲೆ ಹೆಚ್ಚು ದುಡ್ಡು ಬಿದ್ದಿದೆಯಂತೆ.